ಈಸ್ಟರ್ ಕಾಲದಲ್ಲಿ ಬೆಳಗಿನ ಪ್ರಾರ್ಥನೆಗೆ ಬೈಬಲ್‌ನ ಯಾವ ಭಾಗ ಓದಬೇಕು?

ಕಥೋಲಿಕ ಪದ್ಧತಿಯ ಪ್ರಕಾರ ಹೇಳುತ್ತೇನೆ. ಈಸ್ಟರ್ ಒಂದೇ ದಿನಕ್ಕೆ ಮುಗಿಯುವುದಿಲ್ಲ, ಪವಿತ್ರಾತ್ಮ ಶಿಷ್ಯರ ಮೇಲೆ ಇಳಿದುಬಂದ ಪೆಂತೆಕೋಸ್ತ್ ಹಬ್ಬದವರೆಗೆ 50 ದಿನ ಇರುತ್ತದೆ. ಸುಮ್ನೆ ಎಲ್ಲೋ ಪುಟ ತೆರೆಯುವ ಬದಲು ಚರ್ಚ್‌ನಲ್ಲಿ ಆಯಾ ದಿನದ ಪೂಜೆಗೆ ಗೊತ್ತುಮಾಡಿದ ಬೈಬಲ್ ವಾಚನವನ್ನೇ ಓದಿ.

ಮೊದಲ ವಾಚನ ಬೈಬಲ್‌ನ ‘ಪ್ರೇಷಿತರ ಕಾರ್ಯಕಲಾಪಗಳು’ ಪುಸ್ತಕದಿಂದ ಬರುತ್ತದೆ. ಶುಭಸಂದೇಶದಲ್ಲಿ (ಯೇಸುವಿನ ಜೀವನ ಹೇಳುವ ಭಾಗ) ಮೊದಲ ವಾರ ಪೂರ್ತಿ, ಎದ್ದುಬಂದ ಯೇಸು ಶಿಷ್ಯರಿಗೆ ಕಾಣಿಸಿಕೊಂಡ ಪ್ರಸಂಗಗಳು. ಆಮೇಲೆ ಹೆಚ್ಚಾಗಿ ಯೊವಾನ್ನರ ಶುಭಸಂದೇಶದ್ದೇ: 3ನೇ ಅಧ್ಯಾಯದಲ್ಲಿ ಯೇಸುವಿನ ಜೊತೆ ಮಾತಾಡುವ ನಿಕೊದೇಮ, 6ರ ಜೀವದ ರೊಟ್ಟಿ, 10ರ ಒಳ್ಳೆಯ ಕುರುಬ, ಕೊನೆಗೆ ಕಡೆಯ ಭೋಜನದ ಮಾತುಗಳು. ಈ ಕೊನೆಯ ಭಾಗ ಸ್ವಲ್ಪ ಕಷ್ಟ. ದಿನಕ್ಕೆ ಒಂದೇ ವಾಕ್ಯ ಹಿಡಿದು ಐದು ನಿಮಿಷ ಸುಮ್ಮನೆ ಕೂತರೂ ಸಾಕು.

ಈಸ್ಟರ್‌ಗೆ ಮುಂಚಿನ ತಪಸ್ಸುಕಾಲದಲ್ಲಿ ಬಿಟ್ಟಿದ್ದ ‘ಅಲ್ಲೆಲೂಯ’ (ದೇವರಿಗೆ ಸ್ತುತಿ) ಈಗ ಜಾಸ್ತಿ ಹೇಳಬಹುದು. ಮಾತೆ ಮರಿಯಳನ್ನು ನೆನೆಯುವ ಏಂಜೆಲಸ್ ಪ್ರಾರ್ಥನೆ ಹೇಳುವ ರೂಢಿಯಿದ್ದರೆ, ಅದರ ಬದಲು ನಿಂತುಕೊಂಡು ಈಸ್ಟರ್ ಕಾಲದ ಮರಿಯಳ ಪ್ರಾರ್ಥನೆ ‘ರೆಜಿನಾ ಚೇಲಿ’ ಹೇಳಿ.