ಹೊಸ ಬಲ ಅಂದರೆ ನಗುತ್ತಾರಾ?

ಹಾಸನ ಕಡೆಯ ಓದುಗರೊಬ್ಬರು ತಮ್ಮ ದಪ್ಪನೆಯ ಹಸ್ತಪ್ರತಿಯ ಜೊತೆ ಪತ್ರ ಬರೆದಿದ್ದಾರೆ. ಗುರುತ್ವ ಅನ್ನುವುದು ಬೇರೆ ಬಲವೇ ಅಲ್ಲ, ಪರಮಾಣುಗಳ ನಡುವೆ ಮಿಕ್ಕುಳಿದ ವಿದ್ಯುತ್ ಸೆಳೆತ ಅಷ್ಟೇ ಎಂಬುದು ಅವರ ವಾದ. ದೊಡ್ಡ ಸಂಸ್ಥೆಗಳಿಗೆ ಕಳಿಸಿದರೂ ಯಾರೂ ಉತ್ತರ ಕೊಡಲಿಲ್ಲವಂತೆ. "ಪದವಿ ಇಲ್ಲದವನು ಹೊಸ ಬಲ ಅಂದರೆ ನಗುತ್ತಾರೆ. ಗೆಲಿಲಿಯೋ ಬಾಯಿಯನ್ನೂ ಹೀಗೇ ಮುಚ್ಚಿಸಿದರು. ನೀವಾದರೂ ಪ್ರಕಟಿಸುತ್ತೀರಾ?" ಎಂದು ಕೇಳಿದ್ದಾರೆ.

ಪ್ರಿಯ ಓದುಗರೇ,

ನಿಮ್ಮ ಹಸ್ತಪ್ರತಿಯನ್ನು ಪೂರ್ತಿ ಓದಿದೆ. ನಗಲಿಲ್ಲ. ಉತ್ತರ ಬರದಿದ್ದರೆ ಎಷ್ಟು ಬೇಜಾರಾಗುತ್ತದೆ ಅನ್ನುವುದೂ ಗೊತ್ತು. ಆದರೆ ಗೆಲಿಲಿಯೋ ವಿಷಯ ಇಲ್ಲಿ ಬೇಡ. ಅವರು ಪಡುವಾದಲ್ಲಿ ಗಣಿತದ ಪ್ರಾಧ್ಯಾಪಕರಾಗಿದ್ದವರು. 1610ರಲ್ಲಿ ಗುರುವಿನ ನಾಲ್ಕು ಚಂದ್ರರನ್ನು ಕಂಡಾಗ 'ನನ್ನ ಮಾತು ನಂಬಿ' ಅಂತ ಕೂರಲಿಲ್ಲ. ಯಾವ ರಾತ್ರಿ ಯಾವ ಚಂದ್ರ ಎಲ್ಲಿತ್ತು ಅಂತ ಚಿತ್ರ ಬರೆದು ಅಚ್ಚು ಹಾಕಿಸಿದರು. ದೂರದರ್ಶಕ ಇದ್ದವರು ಯಾರು ಬೇಕಾದರೂ ನೋಡಬಹುದಿತ್ತು.

ಹೊಸ ಬಲ ಅಂದವರನ್ನು ಭೌತವಿಜ್ಞಾನಿಗಳು ಕೇಳುವುದೇ ಇಲ್ಲ ಅನ್ನುವುದು ನಿಜವಲ್ಲ. ನಮಗೆ ಗೊತ್ತಿರುವ ಮೂಲ ಬಲಗಳು ನಾಲ್ಕು: ಗುರುತ್ವ, ವಿದ್ಯುತ್ಕಾಂತ, ಮತ್ತೆ ಪರಮಾಣುವಿನ ಬೀಜದೊಳಗೆ ಕೆಲಸ ಮಾಡುವ ಎರಡು. 1986ರ ಜನವರಿಯಲ್ಲಿ ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದ ಎಫ್ರಾಯಿಮ್ ಫಿಶ್‌ಬಾಕ್ ಮತ್ತು ಜೊತೆಗಾರರು ಐದನೆಯದೂ ಇರಬಹುದು ಅಂದರು. ನ್ಯೂಯಾರ್ಕ್ ಟೈಮ್ಸ್ ಅದನ್ನು ಮುಖಪುಟದಲ್ಲೇ ಹಾಕಿತು.

ಅವರು ಹೊಸ ಪ್ರಯೋಗವನ್ನೇನೂ ಮಾಡಿರಲಿಲ್ಲ. ಹಂಗೇರಿಯ ಲೋರಾಂಡ್ ಎಟ್ವೋಶ್ ಮಾಡಿದ್ದ ಹಳೇ ಅಳತೆಗಳನ್ನು ಮತ್ತೆ ತೆರೆದು ನೋಡಿದರು, ಅಷ್ಟೇ. ಆ ಅಳತೆಗಳು ಎಟ್ವೋಶ್ ತೀರಿಕೊಂಡ ಮೇಲೆ, 1922ರಲ್ಲಿ, ಪೂರ್ತಿಯಾಗಿ ಅಚ್ಚಾದವು. ಒಂದು ಸಣ್ಣ ತಂತಿಗೆ ಅಡ್ಡ ಕಡ್ಡಿ ಕಟ್ಟಿ, ಎರಡು ತುದಿಯಲ್ಲಿ ಬೇರೆ ಬೇರೆ ವಸ್ತು ಇಟ್ಟು, ತಂತಿ ತಿರುಚುತ್ತದೆಯೇ ಅಂತ ನೋಡುವ ಪ್ರಯೋಗ ಅದು; ಈ ಸಾಧನವೇ ತಿರುಚು ತಕ್ಕಡಿ. ಭೂಮಿ ಎರಡನ್ನೂ ಒಂದೇ ರೀತಿ ಎಳೆದರೆ ತಂತಿ ತಿರುಚಬಾರದು. ತಿರುಚಲಿಲ್ಲ ಅಂತಲೇ ಎಟ್ವೋಶ್ ತಂಡ ತೀರ್ಮಾನಿಸಿತ್ತು. ಆದರೆ ಉಳಿದ ಚೂರುಪಾರು ವ್ಯತ್ಯಾಸಗಳನ್ನು, ಒಂದೇ ತೂಕಕ್ಕೆ ಯಾವ ವಸ್ತುವಿನಲ್ಲಿ ಎಷ್ಟು ಪ್ರೋಟಾನ್ ನ್ಯೂಟ್ರಾನ್ ಇವೆ ಎಂಬುದರ ಎದುರಿಗೆ ಫಿಶ್‌ಬಾಕ್ ಗುರುತು ಹಾಕಿದಾಗ, ಅವು ಒಂದೇ ಗೆರೆಯ ಮೇಲೆ ಕೂತವು!

ಮುಖ್ಯ ಮಾತು ಇದು. ಫಿಶ್‌ಬಾಕ್ 'ಏನೋ ಒಂದು ಬಲ ಇದೆ' ಅಂದು ಬಿಡಲಿಲ್ಲ. ಅದು ದೂರ ತಳ್ಳುವ ಬಲ ಅಂದರು. ಗುರುತ್ವದ ನೂರರಲ್ಲಿ ಒಂದು ಪಾಲಿನ ಸುಮಾರು ಅಂದರು. ಕೆಲವು ನೂರು ಮೀಟರ್ ದಾಟಿದರೆ ಸತ್ತು ಹೋಗುತ್ತದೆ ಅಂದರು. ಅಂದರೆ ತಮ್ಮನ್ನು ಸೋಲಿಸುವುದು ಹೇಗೆ ಅಂತ ತಾವೇ ಹೇಳಿಕೊಟ್ಟರು. ಇಷ್ಟು ಹತ್ತಿರದ ಬಲ ಆದ್ದರಿಂದ ಪಕ್ಕದ ಗುಡ್ಡ, ಕಟ್ಟಡದ ಗೋಡೆ ಎಲ್ಲಾ ಲೆಕ್ಕಕ್ಕೆ ಬಂದವು. ಬುಡಾಪೆಸ್ಟ್‌ನಲ್ಲಿ ಎಟ್ವೋಶ್ ಕೆಲಸ ಮಾಡಿದ ಕಟ್ಟಡದ ನೆಲಮಾಳಿಗೆ ಯಾವ ಕಡೆ ಇತ್ತು ಅಂತಲೂ ಹುಡುಕಾಟ ನಡೆಯಿತು. ವಿಜ್ಞಾನದಲ್ಲಿ ಇಂಥ ಜಗಳ ನನಗೆ ಬಹಳ ಇಷ್ಟ.

ಆಮೇಲೆ ಲೋಕವೆಲ್ಲಾ ಅಳೆಯಲು ಹೊರಟಿತು. ನ್ಯೂಜೆರ್ಸಿಯ ಕಡಿದಾದ ಬಂಡೆಸಾಲಿನ ಮೇಲೆ ಪೀಟರ್ ತೀಬರ್ಗರ್ ಟೊಳ್ಳು ತಾಮ್ರದ ಗೋಳವನ್ನು ನೀರಿನಲ್ಲಿ ತೇಲಿಬಿಟ್ಟರು. ಅದು ಮೆಲ್ಲಗೆ ಬಂಡೆಯಿಂದ ದೂರ ಸರಿಯಿತು! ಗ್ರೀನ್‌ಲ್ಯಾಂಡಿನ ಹಿಮದಲ್ಲಿ ಕೊರೆದ ಆಳದ ಕೊಳವೆಯಲ್ಲೂ ಅಳೆದ ಗುರುತ್ವ ಲೆಕ್ಕಕ್ಕೆ ಹೊಂದಲಿಲ್ಲ. ಆದರೆ ಹಿಮದ ಅಡಿಯ ಬಂಡೆ ಎಲ್ಲಿ ಎಷ್ಟು ಭಾರ ಅಂತ ಗೊತ್ತಿಲ್ಲದಿದ್ದರೆ ಅಷ್ಟು ವ್ಯತ್ಯಾಸ ಬಂದೇ ಬರುತ್ತದೆ. ಇತ್ತ ಸಿಯಾಟಲ್‌ನಲ್ಲಿ ಎರಿಕ್ ಅಡೆಲ್‌ಬರ್ಗರ್ ತಂಡ ಗುಡ್ಡದ ಪಕ್ಕದಲ್ಲೇ ತಿರುಚು ತಕ್ಕಡಿ ಇಟ್ಟು ಅಳೆಯಿತು. ಏನೂ ಸಿಗಲಿಲ್ಲ.

ನಮ್ಮ ಗೌರಿಬಿದನೂರಿಗೂ ಈ ಕಥೆಯಲ್ಲಿ ಪಾತ್ರ ಇದೆ. ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ರಮಾನಾಥ ಕೌಶಿಕ್ ಮತ್ತು ಸಂಗಡಿಗರು ಅಲ್ಲಿ ನೆಲದಡಿಯ ಪ್ರಯೋಗಾಲಯದಲ್ಲಿ ತಕ್ಕಡಿ ತೂಗಿಹಾಕಿದರು. ತಾಪ ಏರಿಳಿಯಬಾರದು, ಓಡಾಟದ ಅದುರು ತಟ್ಟಬಾರದು. ಅದಕ್ಕೇ ನೆಲದಡಿ. ಅಷ್ಟರಲ್ಲಿ ಐದನೇ ಬಲದ ಬೆಂಬಲಿಗರು ಸ್ವಲ್ಪ ಜಾರಿದ್ದರು. ಪ್ರೋಟಾನ್ ನ್ಯೂಟ್ರಾನ್‌ಗಳ ಒಟ್ಟು ಎಣಿಕೆ ಅಲ್ಲ, ಅವುಗಳ ನಡುವಿನ ವ್ಯತ್ಯಾಸವೇ ಮುಖ್ಯ ಇರಬಹುದು ಅನ್ನುತ್ತಿದ್ದರು. ಕೌಶಿಕ್ ತಂಡ ಅದನ್ನೇ ಹುಡುಕಿತು. 1988 ಮತ್ತು 1990ರಲ್ಲಿ ಬಂದ ಅವರ ಲೇಖನಗಳು, ಅಂಥ ಬಲ ಇದ್ದರೂ ಇಷ್ಟಕ್ಕಿಂತ ದೊಡ್ಡದಿರಲಾರದು ಅಂತ ಗಡಿ ಹಾಕಿದವು. 1992ರಲ್ಲಿ ಫಿಶ್‌ಬಾಕ್ ಮತ್ತು ಅವರ ಜೊತೆಗಾರ ಟಾಲ್ಮಡ್ಜ್ ತಾವೇ ನೇಚರ್ ಪತ್ರಿಕೆಯಲ್ಲಿ ಎಲ್ಲಾ ಅಳತೆಗಳನ್ನು ಒಟ್ಟಿಗಿಟ್ಟು, ನಂಬುವಂಥ ಪುರಾವೆ ಇಲ್ಲ ಅಂತ ಬರೆದರು. ಎಟ್ವೋಶ್ ಅಂಕಿಗಳು ಯಾಕೆ ಒಂದೇ ಗೆರೆಗೆ ಬಂದವು ಅನ್ನುವುದಕ್ಕೆ ಎಲ್ಲರೂ ಒಪ್ಪುವ ಉತ್ತರ ಮಾತ್ರ ಸಿಗಲಿಲ್ಲ.

ಈಗ ನಿಮ್ಮ ಸಿದ್ಧಾಂತ. ಒಂದು ಪ್ರೋಟಾನ್, ಒಂದು ಎಲೆಕ್ಟ್ರಾನ್ ತಗೊಳ್ಳಿ. ಅವುಗಳ ನಡುವಿನ ವಿದ್ಯುತ್ ಸೆಳೆತ ಗುರುತ್ವಕ್ಕಿಂತ ಸುಮಾರು 1ರ ಮುಂದೆ 39 ಸೊನ್ನೆಗಳಷ್ಟು ಪಟ್ಟು ಜಾಸ್ತಿ. ಇಷ್ಟು ದೊಡ್ಡದರಲ್ಲಿ ಮಿಕ್ಕುವ ಚೂರು ಸೀಸಕ್ಕೆ ಒಂದು, ನೀರಿಗೆ ಒಂದು, ಮರಕ್ಕೆ ಒಂದು ಇರಬೇಕಲ್ವಾ? ಒಂದೊಂದರ ಪರಮಾಣು ರಚನೆ ಒಂದೊಂದು ಥರ. ಆದರೆ ಮೈಕ್ರೋಸ್ಕೋಪ್ ಎಂಬ ಉಪಗ್ರಹ ಟೈಟಾನಿಯಂ ಮತ್ತು ಪ್ಲಾಟಿನಂ ಮಿಶ್ರಲೋಹಗಳನ್ನು ಕಕ್ಷೆಯಲ್ಲಿ ಒಟ್ಟಿಗೆ ಬೀಳಲು ಬಿಟ್ಟು ಅಳೆಯಿತು. ಸಾವಿರ ಲಕ್ಷ ಕೋಟಿಯಲ್ಲಿ ಕೆಲವೇ ಪಾಲಿನ ಮಟ್ಟಕ್ಕೆ ಹೋದರೂ ವ್ಯತ್ಯಾಸ ಕಾಣಲಿಲ್ಲ ಅಂತ 2022ರಲ್ಲಿ ವರದಿ ಬಂತು. ನಿಮ್ಮ ಮಿಕ್ಕುಳಿದ ಸೆಳೆತ ಇಷ್ಟು ಕರಾರುವಾಕ್ಕಾಗಿ ಎಲ್ಲಾ ವಸ್ತುವಿಗೂ ಒಂದೇ ಆಗುವುದು ಹೇಗೆ? ಹಸ್ತಪ್ರತಿಯಲ್ಲಿ ಈ ಪ್ರಶ್ನೆಯೇ ಬಂದಿಲ್ಲ.

ಇನ್ನೊಂದು ತೊಡಕು ಬೆಳಕು. ಬೆಳಕಿಗೆ ವಿದ್ಯುದಾವೇಶ ಇಲ್ಲ. ಆದರೂ 1919ರ ಗ್ರಹಣದಲ್ಲಿ ಸೂರ್ಯನ ಪಕ್ಕ ಹಾದ ನಕ್ಷತ್ರಗಳ ಬೆಳಕು ಬಾಗಿದ್ದು ಕಂಡಿತು. ನೀವು ಇದಕ್ಕೆ 'ಸೂಕ್ಷ್ಮ ಮಾಧ್ಯಮ' ಅಂದಿದ್ದೀರಿ. ಆ ಮಾಧ್ಯಮ ಎಷ್ಟು ಬಾಗಿಸುತ್ತದೆ? ಐನ್‌ಸ್ಟೈನ್ ಸಿದ್ಧಾಂತ 1.75 ಆರ್ಕ್‌ಸೆಕೆಂಡ್ (ಒಂದು ಆರ್ಕ್‌ಸೆಕೆಂಡ್ ಅಂದರೆ ಒಂದು ಡಿಗ್ರಿಯ 3600ರಲ್ಲಿ ಒಂದು ಪಾಲು) ಅನ್ನುತ್ತದೆ. ನಿಮ್ಮದು ಏನನ್ನುತ್ತದೆ? ಬಾಗುತ್ತದೆ ಅಂದರೆ ಸಾಲದು, ಎಷ್ಟು ಅಂತ ಬೇಕು. ನಾನು ಪುಟ ಪುಟ ಹುಡುಕಿದೆ, ಒಂದು ಅಂಕಿಯೂ ಸಿಗಲಿಲ್ಲ. ಸಮೀಕರಣಗಳಿವೆ, ಆದರೆ ಪ್ರತಿಯೊಂದರಲ್ಲೂ ಬೇಕಾದ ಹಾಗೆ ಎಳೆದಾಡಬಹುದಾದ ಒಂದು ಸ್ಥಿರಾಂಕ ಕೂತಿದೆ.

ಪದವಿಯ ಮಾತು ಬಿಡಿ. ದೊಡ್ಡ ವಿಶ್ವವಿದ್ಯಾಲಯದವರ ಸಿದ್ಧಾಂತಗಳಿಗೂ ಇದೇ ಗತಿ. 2017ರ ಆಗಸ್ಟ್ 17ರಂದು ಎರಡು ನ್ಯೂಟ್ರಾನ್ ನಕ್ಷತ್ರಗಳು ಡಿಕ್ಕಿಯಾದ ಸುದ್ದಿ ಭೂಮಿಗೆ ಮುಟ್ಟಿತು. ಸುಮಾರು 13 ಕೋಟಿ ವರ್ಷ ಪಯಣಿಸಿದ ಗುರುತ್ವ ಅಲೆ ಮತ್ತು ಗಾಮಾ ಕಿರಣ (ಅದೂ ಬೆಳಕಿನ ಒಂದು ಬಗೆಯೇ) ಬಂದದ್ದು 1.7 ಸೆಕೆಂಡ್ ಅಂತರದಲ್ಲಿ. ಎರಡರ ವೇಗ ಬೇರೆ ಅಂದಿದ್ದ, ಪಂಡಿತರೇ ಬರೆದಿದ್ದ ಎಷ್ಟೋ ಸಿದ್ಧಾಂತಗಳು ಅವತ್ತೇ ಮೂಲೆ ಸೇರಿದವು.

ಹಾಗಾಗಿ ಈ ರೂಪದಲ್ಲಿ ನಿಮ್ಮ ಲೇಖನ ಪ್ರಕಟಿಸುವುದಿಲ್ಲ. ನಿಮ್ಮ ಸಮೀಕರಣದಿಂದ ಎರಡು ಅಂಕಿ ತೆಗೆದು ಕಳಿಸಿ: ಸೂರ್ಯನ ಬಳಿ ಬೆಳಕು ಎಷ್ಟು ಬಾಗಬೇಕು, ಟೈಟಾನಿಯಂ ಮತ್ತು ಪ್ಲಾಟಿನಂ ಬೀಳುವುದರಲ್ಲಿ ಎಷ್ಟು ವ್ಯತ್ಯಾಸ ಇರಬೇಕು. ಸ್ಥಿರಾಂಕವನ್ನು ಮೊದಲೇ ಒಂದು ಬೆಲೆಗೆ ಕಟ್ಟಿಹಾಕಿ, ಮಧ್ಯೆ ಬದಲಾಯಿಸಬೇಡಿ. ಅಂಕಿಗಳು ಹೊಂದಲಿ, ಬಿಡಲಿ, ಲೆಕ್ಕದ ಸಮೇತ ಎರಡು ಪುಟದ ಪತ್ರವಾಗಿ ಅಚ್ಚು ಹಾಕುತ್ತೇನೆ. ಹಸ್ತಪ್ರತಿಯನ್ನು ರಿಜಿಸ್ಟರ್ಡ್ ಅಂಚೆಯಲ್ಲಿ ವಾಪಸ್ ಕಳಿಸಿದ್ದೇವೆ. ಅಂಚಿನಲ್ಲಿ ನನ್ನ ಪೆನ್ಸಿಲ್ ಗುರುತುಗಳಿವೆ, ಅಳಿಸಬೇಡಿ.

— ಸಂಪಾದಕ