ಆನ್‌ಲೈನ್ ಓಟಿನಿಂದ ಕಾಮಗಾರಿ ಆಗತ್ತಾ?

ಪ್ರಶ್ನೆ: ಸರ್ಕಾರದ ದುಡ್ಡು ಯಾವ ಕೆಲಸಕ್ಕೆ ಹೋಗ್ಬೇಕು ಅಂತ ಜನರೇ ಆನ್‌ಲೈನ್‌ನಲ್ಲಿ ಓಟು ಹಾಕಿ ತೀರ್ಮಾನ ಮಾಡ್ತಾರಂತೆ. ಇದು ಬರೀ ಲೈಕ್ ಒತ್ತಿಸೋ ಆಟಾನಾ, ನಿಜಕ್ಕೂ ಏನಾದ್ರೂ ಆಗತ್ತಾ?

ಉತ್ತರ: ಎರಡೂ ಇದೆ ಕಣ್ರೀ. ಇದು ಶುರುವಾಗಿದ್ದು ಇಂಟರ್ನೆಟ್‌ನಲ್ಲಿ ಅಲ್ಲ, 1989ರಲ್ಲಿ ಬ್ರೆಜಿಲ್‌ನ ಪೋರ್ಟೊ ಅಲೆಗ್ರೆ ನಗರದಲ್ಲಿ ಜನ ಸಭೆ ಸೇರಿ, ನಮ್ಗೆ ಮೊದ್ಲು ಚರಂಡಿ ಬೇಕು, ಆಮೇಲೆ ರಸ್ತೆ ಅಂತ ಕೂತು ವಾದ ಮಾಡಿದ್ರು, ಆನ್‌ಲೈನ್ ಬಂದಿದ್ದು ಎಷ್ಟೋ ವರ್ಷ ಆದ್ಮೇಲೆ. ಈಗ ಪೋಲೆಂಡ್‌ನಲ್ಲಿ 2018ರಿಂದ ಕಾನೂನೇ ಇದೆ, ದೊಡ್ಡ ನಗರಗಳು ಖರ್ಚಿನಲ್ಲಿ ಕನಿಷ್ಠ 0.5% ಜನರ ಆಯ್ಕೆಗೆ ಬಿಡ್ಲೇಬೇಕು. ಪ್ಯಾರಿಸ್ ಅಂತೂ 2014ರಿಂದ 2020ರ ತನಕ ಅಂತ ಸುಮಾರು 50 ಕೋಟಿ ಯೂರೊ ತೆಗೆದಿಟ್ಟಿತ್ತು. ಇಷ್ಟು ದುಡ್ಡಿದ್ದಾಗ ಆಟ ಅನ್ನೋಕಾಗಲ್ಲ.

ಆದ್ರೆ ಬೆಲೊ ಹೊರಿಜಾಂಟೆ ಕಥೆ ಕೇಳಿ. ಅದೂ ಬ್ರೆಜಿಲ್ಲೇ. 2006ರಲ್ಲಿ ಇಂಟರ್ನೆಟ್ ಮತದಾನ ಇಟ್ರು, 1.7 ಲಕ್ಷ ಜನ ಓಟು ಹಾಕಿದ್ರು. 2008ರಲ್ಲಿ 1.2 ಲಕ್ಷ. 2011ಕ್ಕೆ ಬರೋ ಹೊತ್ತಿಗೆ 25 ಸಾವಿರದ ಆಸುಪಾಸು! 2008ರಲ್ಲಿ ಗೆದ್ದ ದೊಡ್ಡ ಜಂಕ್ಷನ್ ಕಾಮಗಾರಿ ಹೇಳಿದ ಟೈಮಿಗೆ ಆಗದೇ ಇದ್ದಿದ್ದು ಇದಕ್ಕೆ ಒಂದು ಕಾರಣ. ವೆಬ್‌ಸೈಟ್ ಇತ್ತು, ಆಗದೇ ಇದ್ದಿದ್ದು ಕೆಲಸ. ಅದಕ್ಕೇ ಯಾರಾದ್ರೂ ಇಂಥ ಸೈಟ್ ತೋರಿಸಿದ್ರೆ ನಾನು ಮೊದ್ಲು ಹೋದ ಸಲ ಗೆದ್ದಿದ್ರಲ್ಲಿ ಎಷ್ಟು ಮುಗ್ದಿದೆ ಅಂತ ಹುಡುಕ್ತೀನಿ, ಆ ಪೇಜೇ ಇಲ್ಲ ಅಂದ್ರೆ ಡೌಟು.

ಪ್ರಶ್ನೆ: ವಾಟ್ಸಾಪ್ ಗ್ರೂಪ್‌ಗಳಲ್ಲಿ ಜನ ಸೇರಿಸೋ ತಾಕತ್ತು ಇರೋ ಏರಿಯಾನೇ ಗೆಲ್ಲತ್ತಲ್ವಾ? ಉಳಿದವರು ಏನ್ಮಾಡ್ಬೇಕು?

ಉತ್ತರ: ಇದು ನೋಡಿ ಒಳ್ಳೇ ಪ್ರಶ್ನೆ, ಇದನ್ನ ಕೇಳೋರೇ ಕಮ್ಮಿ. ಎಲ್ಲಾ ಇರೋದು ಓಟು ಎಣಿಸೋ ರೀತಿಯಲ್ಲಿ. ಸಾವಿರ ಜನ ಓಟು ಹಾಕ್ತಾರೆ ಅಂತ ಇಟ್ಕೊಳಿ, ಇರೋ ದುಡ್ಡಲ್ಲಿ ಒಂದೇ ಖರ್ಚಿನ 10 ಕೆಲಸ ಆಗತ್ತೆ. 600 ಜನ ಈ ಕಡೆಯವರು, 400 ಜನ ಆ ಕಡೆಯವರು, ಎಲ್ರೂ ತಮ್ಮ ತಮ್ಮ ಕಡೆಯ ಹತ್ತು ಕೆಲಸಕ್ಕೆ ಟಿಕ್ ಹಾಕಿದ್ರು. ಜಾಸ್ತಿ ಓಟು ಬಂದಿದ್ದೇ ಗೆದ್ದಿದ್ದು ಅಂತ ಎಣಿಸಿದ್ರೆ ಹತ್ತಕ್ಕೆ ಹತ್ತೂ ಈ ಕಡೆಗೇ ಹೋಗತ್ತೆ, ಆ 400 ಜನಕ್ಕೆ ಸೊನ್ನೆ, ಮುಂದಿನ ವರ್ಷ ಅವರು ಬರೋದೇ ಇಲ್ಲ, ಯಾಕೆ ಬರ್ಬೇಕು ಹೇಳಿ?

ಇದಕ್ಕೆ ಸಮಪಾಲು ಲೆಕ್ಕ ಅಂತ ಒಂದಿದೆ. ಒಟ್ಟು ದುಡ್ಡನ್ನ ಓಟು ಹಾಕಿದವರಿಗೆಲ್ಲಾ ಸಮವಾಗಿ ಹಂಚಿದ ಹಾಗೆ ಲೆಕ್ಕ ಹಿಡೀತಾರೆ, ಲೆಕ್ಕದಲ್ಲಿ ಮಾತ್ರ, ಕೈಗೇನೂ ಕೊಡಲ್ಲ. ಒಂದು ಕೆಲಸ ಗೆಲ್ಬೇಕಂದ್ರೆ ಅದಕ್ಕೆ ಟಿಕ್ ಹಾಕಿದವರ ಪಾಲು ಸೇರಿಸಿದ್ರೆ ಅದರ ಖರ್ಚು ಹುಟ್ಬೇಕು, ಗೆದ್ಮೇಲೆ ಅವರ ಪಾಲಿನಿಂದ ಅಷ್ಟು ಕಳೀತಾರೆ. ಆರು ಕೆಲಸ ಗೆಲ್ಲೋ ಹೊತ್ತಿಗೆ ಈ ಕಡೆಯ 600 ಜನರ ಪಾಲು ಖಾಲಿ, ಆ ಕಡೆಯವರ ಪಾಲು ಅವರಿಗೇ ಉಳ್ದು ನಾಲ್ಕು ಕೆಲಸ ಆಗತ್ತೆ. ಗ್ರೂಪ್‌ನಲ್ಲಿ ಎಷ್ಟೇ ಗಲಾಟೆ ಮಾಡಿದ್ರೂ ಆ ನಾಲ್ಕನ್ನ ಕಿತ್ಕೊಳೋಕಾಗಲ್ಲ. ಪೋಲೆಂಡ್‌ನ ವಿಯೆಲಿಚ್ಕಾ ಅನ್ನೋ ಊರು 2023ರಲ್ಲಿ ಇದನ್ನ ನಿಜವಾಗ್ಲೂ ಬಳಸ್ತು.

ಓಟು ಹಾಕೋ ರೀತಿಯಲ್ಲೂ ಒಂದು ಜಾಣತನ ಇದೆ. ಸ್ಟ್ಯಾನ್‌ಫರ್ಡ್ ಯೂನಿವರ್ಸಿಟಿಯವರು ಮಾಡಿರೋ ಟೂಲ್‌ನಲ್ಲಿ ಪ್ರತಿ ಕೆಲಸದ ಪಕ್ಕ ಖರ್ಚು ಬರ್ದಿರತ್ತೆ, ನೀವು ಆರಿಸಿದ ಹಾಗೆ ದುಡ್ಡು ಎಷ್ಟು ಉಳೀತು ಅಂತ ಕಾಣತ್ತೆ, ಖಾಲಿ ಆದ್ಮೇಲೆ ಇನ್ನೊಂದು ಬೇಕಂದ್ರೆ ಮೊದ್ಲು ಆರಿಸಿದ್ದನ್ನ ಬಿಡ್ಬೇಕು. ಪಾರ್ಕೂ ಬೇಕು ರಸ್ತೆನೂ ಬೇಕು ಅನ್ನೋರು ಅಲ್ಲಿ ಸುಮ್ನೆ ಕೂತು ಯೋಚ್ನೆ ಮಾಡ್ತಾರೆ.

ಪ್ರಶ್ನೆ: ನಮ್ಮಜ್ಜಿ ಹತ್ರ ಸ್ಮಾರ್ಟ್‌ಫೋನೇ ಇಲ್ಲ. ಅವರ ಕಥೆ?

ಉತ್ತರ: ಪೇಪರ್ ಓಟೂ ಇರ್ಬೇಕು, ಅಷ್ಟೇ. ಪ್ಯಾರಿಸ್‌ನಲ್ಲಿ ಸೈಟ್ ಜೊತೆಗೆ ಮತಪೆಟ್ಟಿಗೆನೂ ಇಡ್ತಾರೆ, ಮಕ್ಕಳಿಗೂ ಓಟಿದೆ, ಅಜ್ಜಿ ಜೊತೆ ಮೊಮ್ಮಗುನೂ ಚೀಟಿ ಹಾಕ್ಬೋದು.