ವಾಲ್ಲಾಗೆ ಅಷ್ಟು ಪ್ರಭಾವ ಬಂದದ್ದು ಹೇಗೆ?

ಬರೀ ಲಿಂಕುಗಳ ಪಟ್ಟಿಯಾಗಿ ಶುರುವಾದ ಇಸ್ರೇಲಿನ ವಾಲ್ಲಾ ಜಾಲತಾಣ ಪ್ರಧಾನಿಯ ಮೇಲಿನ ಮೊಕದ್ದಮೆಯವರೆಗೆ ಬೆಳೆದದ್ದು ಹೇಗೆ ಎಂದು ಕೇಳಿದ್ದೀರಿ. ಮೊದಲು ಭಾಷೆಯನ್ನೇ ನೋಡಬೇಕು. ವಾಲ್ಲಾ ಹುಟ್ಟಿದ್ದು 1995ರಲ್ಲಿ. ಬಲದಿಂದ ಎಡಕ್ಕೆ ಓದುವ ಹೀಬ್ರೂವನ್ನು ಆಗಿನ ಬ್ರೌಸರುಗಳು ಸರಿಯಾಗಿ ತೋರಿಸುತ್ತಿರಲಿಲ್ಲ. ಹಾಗಾಗಿ ಅಕ್ಷರಗಳನ್ನು ಹಿಂದುಮುಂದಾಗಿ ಜೋಡಿಸಿಟ್ಟು, ಪ್ರತಿ ಸಾಲನ್ನೂ ಕೈಯಾರೆ ಮುರಿಯುವ ರೂಢಿಯಿತ್ತು. ಸಾಲು ತಾನಾಗಿ ಮಡಚಿಕೊಂಡರೆ ವಾಕ್ಯದ ಆರಂಭ ಕೆಳಗಿನ ಸಾಲಿಗೆ ಹೋಗಿ ಅರ್ಥವೇ ಕೆಡುತ್ತಿತ್ತು. ಹಾಗೆ ಜೋಡಿಸಿದ ಪಠ್ಯದಲ್ಲಿ ಹುಡುಕುವುದೂ ಕಷ್ಟ. ಅಂಥ ಕಾಲದಲ್ಲಿ ಹೀಬ್ರೂ ತಾಣಗಳನ್ನು ವಿಷಯವಾರು ವಿಂಗಡಿಸಿದ ಪಟ್ಟಿ ಎಷ್ಟು ಬೆಲೆಯದು, ಯೋಚಿಸಿ!

ಆಮೇಲೆ ಇಮೇಲ್, ಸುದ್ದಿ, ಶಾಪಿಂಗ್ ಸೇರಿದವು. ಇಮೇಲ್ ನೋಡಲು ಬಂದವರ ಕಣ್ಣಿಗೆ ಮುಖಪುಟದ ಸುದ್ದಿಯೂ ಬೀಳುತ್ತಿತ್ತು. ಯಾವ ಶೀರ್ಷಿಕೆ ಮೇಲಿರಬೇಕು, ಎಷ್ಟು ಹೊತ್ತು ಇರಬೇಕು ಎನ್ನುವ ತೀರ್ಮಾನಕ್ಕೆ ರಾಜಕೀಯ ತೂಕ ಬಂದದ್ದು ಅಲ್ಲಿಂದಲೇ. 2000ದಲ್ಲಿ ಯೆದಿಯೋತ್ ಅಹರೊನೋತ್ ಪತ್ರಿಕೆಯ ವೈನೆಟ್ ಸುದ್ದಿತಾಣ ಬಂದು ಪೈಪೋಟಿ ಬಿಗಿಯಾಯಿತು.

ನನ್ನ ಪ್ರಕಾರ ದೊಡ್ಡ ತಿರುವು ಒಡೆತನದ್ದು. ವಾಲ್ಲಾ ದೂರಸಂಪರ್ಕ ಕಂಪನಿ ಬೆಝೆಕ್‌ನ ಕೈಸೇರಿತು. ಸರ್ಕಾರದ ನಿಯಂತ್ರಣಕ್ಕೆ ಒಳಪಟ್ಟ ಕಂಪನಿಯೇ ಸುದ್ದಿತಾಣದ ಯಜಮಾನ ಎಂದರೆ ಸಂಪಾದಕರ ಮೇಲೆ ಒತ್ತಡ ಬರಲು ದಾರಿ ತೆರೆದಂತೆಯೇ. ನೀವು ಕೇಳಿದ ಮೊಕದ್ದಮೆಯ, ಅಂದರೆ 'ಪ್ರಕರಣ 4000'ರ ಆರೋಪದ ತಿರುಳೂ ಇದೇ: ಪ್ರಧಾನಿಯಾಗಿದ್ದು ಸಂವಹನ ಖಾತೆಯನ್ನೂ ಹೊಂದಿದ್ದ ನೆತನ್ಯಾಹು ಬೆಝೆಕ್‌ಗೆ ಅನುಕೂಲ ಮಾಡಿಕೊಟ್ಟರು, ಬದಲಿಗೆ ವಾಲ್ಲಾದಲ್ಲಿ ತಮಗೆ ಬೇಕಾದಂಥ ಸುದ್ದಿ ಪಡೆದರು ಎಂದು. 2020ರಲ್ಲಿ ವಿಚಾರಣೆ ಶುರುವಾಯಿತು. ಅವರು ಆರೋಪ ಅಲ್ಲಗಳೆದಿದ್ದಾರೆ. ಅದೇ ವರ್ಷದ ಕೊನೆಯಲ್ಲಿ ವಾಲ್ಲಾವನ್ನು ಜೆರುಸಲೆಮ್ ಪೋಸ್ಟ್ ಬಳಗಕ್ಕೆ ಮಾರುವ ಒಪ್ಪಂದವಾಯಿತು.